ಲಕ್ವ ಹೊಡೆದ ಮೇಲೆ ಬಿಪಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದು, ಕೋಲು ಹಿಡಿದು ಜಗುಲಿವರೆಗೆ ನಡೆದರೆ ಮನೆಮಂದಿಗೆಲ್ಲ ಗಂಡಾಂತರ ಕಳೆದ ಸಮಾಧಾನ. ಬಿಪಿ ಮಾತ್ರೆ ತಪ್ಪತೊಡಗುವುದೂ ಆಗಲೇ. ಒಮ್ಮೆ ಸ್ಟ್ರೋಕ್ (ಲಕ್ವ) ಆದವರಿಗೆ ಮತ್ತೊಮ್ಮೆ ಆಗುವ ಅಪಾಯ ಉಳಿದವರಿಗಿಂತ ಹೆಚ್ಚು. ಅದನ್ನು ತಗ್ಗಿಸಲು ಬಿಪಿ ಹತೋಟಿಯಲ್ಲಿರಲೇಬೇಕು.

ಮೊದಲು ಕೇಳಿ, ಆಮೇಲೆ ಹೇಳಿ

"ಅಪ್ಪಾಜಿ, ಮಾತ್ರೆ ತಗೊಂಡ್ರಾ?" ಎಂದು ದಿನಾ ಗದರುವ ಬದಲು ಒಂದು ಸಂಜೆ ಪಕ್ಕದಲ್ಲಿ ಕೂತು, "ಇದು ಯಾಕೆ ಬಂತು ಅನ್ಸುತ್ತೆ ನಿಮಗೆ?" ಎಂದು ಕೇಳಿ. ಉತ್ತರ ಬಂದಾಗ ನಡುವೆ ಬಾಯಿ ಹಾಕಬೇಡಿ. "ಥಂಡಿ ಗಾಳಿ ಬಡೀತು", "ತಲೆ ಸುತ್ತಲ್ಲ, ನಂಗೆಲ್ಲಿ ಬಿಪಿ?", "ಮಾತ್ರೆ ನುಂಗಿ ನುಂಗಿ ಕಿಡ್ನಿ ಹೋಗುತ್ತೆ", "ಕಾಲು ಊದ್ಕೊಳ್ತು, ಅದಕ್ಕೇ ಬಿಟ್ಟೆ." ಮಾತ್ರೆ ತಪ್ಪುವುದಕ್ಕೆ ಮರೆವಿಗಿಂತ ಇಂಥ ನಂಬಿಕೆಯೇ ಕಾರಣವಾಗಿರಬಹುದು.

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮನೋವಿಜ್ಞಾನಿಗಳನ್ನು ಕಾಡಿದ್ದೂ ಇದೇ: ಕ್ಷಯದ ತಪಾಸಣೆ ಸುಲಭವಾಗಿ ಸಿಗುವಂತೆ ಮಾಡಿದರೂ ಜನ ಯಾಕೆ ಬರುವುದಿಲ್ಲ? ಕಾಯಿಲೆ ತನಗೂ ಬಂದೀತು, ಬಂದರೆ ಕಷ್ಟ, ಮಾಡಿದ್ದರಿಂದ ಪ್ರಯೋಜನವಿದೆ, ಅಡ್ಡಿ ದಾಟಬಹುದು ಎನಿಸಿದರೆ ಮಾತ್ರ ಮನುಷ್ಯ ಹೆಜ್ಜೆ ಇಡುತ್ತಾನೆ ಎಂದು ಅವರು ಕಂಡುಕೊಂಡರು.

ಹಾಗಾಗಿ ಒಂದೊಂದು ನಂಬಿಕೆಗೂ ಅದರದೇ ಉತ್ತರ ಬೇಕು. ಕಿಡ್ನಿಯನ್ನು ಹಾಳುಮಾಡುವುದು ಹತೋಟಿ ತಪ್ಪಿದ ಬಿಪಿ. ಕಾಲು ಊದಿಕೊಳ್ಳುವುದು ನಿಜ ಇರಬಹುದು; ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ಆಗುತ್ತದೆ. ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ನಾಟಿ ಎಣ್ಣೆ ತಿಕ್ಕಿಸಿಕೊಳ್ಳಬೇಕು ಅಂದರೆ ಜಗಳ ಬೇಡ, ಮಾತ್ರೆ ಬಿಡದಿದ್ದರೆ ಸರಿ.

ಬಿಪಿ ಕಣ್ಣಿಗೆ ಕಾಣಲಿ

"ತಲೆ ಸುತ್ತಲ್ಲ" ಎನ್ನುವವರಿಗೆ ವಾದಕ್ಕಿಂತ ಬಿಪಿ ಮೀಟರು ವಾಸಿ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಲಿ. ಮೀಟರಿನ ಪಟ್ಟಿ ಸುತ್ತುವುದು ಲಕ್ವ ಹೊಡೆಯದ ಕೈಗೆ. ಆ ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಬರೆಸಿ. ಸ್ಟ್ರೋಕ್ ಆದ ಬಹಳಷ್ಟು ಜನರಿಗೆ ಗುರಿ 130/80ರ ಒಳಗೆ. ನಿಮ್ಮವರ ಗುರಿ ಎಷ್ಟೆಂದು ವೈದ್ಯರನ್ನೇ ಕೇಳಿಕೊಳ್ಳಿ. ಮೀಟರು ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿಗೆ ಹೋಗಿ, ಬಿಪಿಯನ್ನೂ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ.

ಉಪ್ಪಿನ ಪ್ಯಾಕೆಟ್ಟಿಗೆ ತಾರೀಖು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಅಡುಗೆಮನೆಯಲ್ಲಿ ಅಳೆದು ಹಾಕುವವರಾರು? ಅದಕ್ಕೆ ಪ್ಯಾಕೆಟ್ ಒಡೆದ ದಿನವನ್ನು ಅದರ ಮೇಲೇ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ 50 ದಿನಕ್ಕೂ ಹೆಚ್ಚು ಬರಬೇಕು. 25 ದಿನಕ್ಕೇ ಮುಗಿದರೆ ಎಲ್ಲರೂ ಇಮ್ಮಡಿ ತಿನ್ನುತ್ತಿದ್ದೀರಿ, ಉಪ್ಪಿನಕಾಯಿ, ಹಪ್ಪಳ, ಮಳೆಗಾಲದ ಒಣಮೀನು ಬೇರೆ. ಇಂದುಪ್ಪಾದರೆ ಪರವಾಗಿಲ್ಲ ಎನ್ನುವುದೂ ತಪ್ಪು, ಅದರಲ್ಲೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ರೋಗಿಗೊಬ್ಬರಿಗೇ ಸಪ್ಪೆ ಸಾರು ಬಡಿಸಬೇಡಿ. ಮನೆಯವರೆಲ್ಲ ಒಟ್ಟಿಗೆ ಕಡಿಮೆ ಮಾಡಿದರೆ ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ಬೀಡಿ, ಹೊಗೆಸೊಪ್ಪು, ಸಾರಾಯಿ ಬಿಡಬೇಕು.

ನಡಿಗೆ ಎಲ್ಲಿ?

"ಬೆಳಿಗ್ಗೆ ವಾಕಿಂಗ್ ಹೋಗಿ" ಎಂಬ ಮಾತು ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ನಡೆಯುವುದಿಲ್ಲ. ರಸ್ತೆಯಲ್ಲಿ ಆನೆ ನಿಂತಿರಬಹುದು. ಕಾಫಿ ಒಣಗಿಸುವ ಕಣದಲ್ಲಿ ಬಿಸಿಲೇರಿದ ಮೇಲೆ ಸುತ್ತು ಹಾಕಿಸಿ. ಮಳೆಯಲ್ಲಿ ಜಗುಲಿಯೇ ಸಾಕು. ಜಾರದ ಚಪ್ಪಲಿ ಇರಲಿ, ಬಲವಿಲ್ಲದ ಕೈಯ ಕಡೆ ಒಬ್ಬರು ಜೊತೆಗಿರಲಿ.

ಮತ್ತೆ ಲಕ್ವ ಹೊಡೆದರೆ

ಮುಖ ಸೊಟ್ಟಗಾಯಿತು, ಕೈ ಇಳಿಬಿತ್ತು, ಮಾತು ತೊದಲಿತು: ಒಂದು ಕಂಡರೂ ಸಮಯ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಬಾಯಿಗೆ ನೀರನ್ನಾಗಲಿ ಬಿಪಿ ಮಾತ್ರೆಯನ್ನಾಗಲಿ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿ, ಆ ನಂಬರುಗಳನ್ನು ಬಿಪಿ ಬರೆಯುವ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.