ಸೈಕಲ್ ಮೇಲೆ ಚಂದ ಕಾಣಬೇಕೇ? ಮೊದಲು ಸೀಟು ಸರಿ ಮಾಡಿ

ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ಪಡುಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಿಂತು ನೋಡಿ. ಸೈಕಲ್ ಸವಾರರು ಒಬ್ಬರ ಹಿಂದೊಬ್ಬರು ಬರುತ್ತಿರುತ್ತಾರೆ. ಹೆಲ್ಮೆಟ್, ಕಪ್ಪು ಕನ್ನಡಕ, ಮೈಗಂಟುವ ಜೆರ್ಸಿ ಎಲ್ಲರಿಗೂ ಇದೆ. ಆದರೂ ಅವರಲ್ಲಿ ಒಬ್ಬಿಬ್ಬರು ಮಾತ್ರ ಟಿ.ವಿ.ಯಲ್ಲಿ ಕಾಣುವ ಟೂರ್ ಡಿ ಫ್ರಾನ್ಸ್ ರೇಸಿನ ಸವಾರರ ಹಾಗೆ ಕಾಣುತ್ತಾರೆ. ಮಿಕ್ಕವರು ಸೈಕಲ್ ಜೊತೆ ಗುದ್ದಾಡುತ್ತಿರುತ್ತಾರೆ. ಬಟ್ಟೆ ಒಂದೇ, ಸೈಕಲ್ಲಿನ ಬೆಲೆಯೂ ಹೆಚ್ಚುಕಡಿಮೆ ಒಂದೇ.

ಗಮನಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಚಂದ ಓಡಿಸುವವರಲ್ಲಿ ಕಾಲು ಬಿಟ್ಟು ಬೇರೇನೂ ಅಲುಗುವುದಿಲ್ಲ. ಪಳಗಿದ ಯಕ್ಷಗಾನ ವೇಷಧಾರಿಯ ಕಾಲು ಚೆಂಡೆಯ ಪೆಟ್ಟಿಗೆ ಎಷ್ಟು ಓಡಿದರೂ ತಲೆ ಮೇಲಿನ ಕಿರೀಟ ಓಲಾಡುವುದಿಲ್ಲ ಅಲ್ವಾ, ಹಾಗೆ.

ಈ ವಿಷಯದಲ್ಲಿ ಹಳಬರೊಬ್ಬರ ಕಥೆ ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಹ್ಯೂಗೋ ಕೋಬ್ಲೆಟ್ 1950ರಲ್ಲಿ ಇಟಲಿಯ ದೊಡ್ಡ ರೇಸ್ ಜಿರೋ, 1951ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು. ಆ ಟೂರಿನಲ್ಲಿ ಬ್ರೀವ್‌ನಿಂದ ಆಜನ್‌ಗೆ ಹೋಗುವ ದಿನ ಸುಮಾರು 135 ಕಿ.ಮೀ. ದೂರ ಒಬ್ಬರೇ ಮುಂದೆ ಓಡಿಸಿದರು. ಹಿಂದೆ ಬೆನ್ನು ಹತ್ತಿದವರಲ್ಲಿ ಕೊಪ್ಪಿ, ಬಾರ್ತಾಲಿಯಂಥ ಘಟಾನುಘಟಿಗಳಿದ್ದರು. ಯಾರ ಕೈಗೂ ಸಿಗಲಿಲ್ಲ. ಗುರಿ ಮುಟ್ಟಿದವರೇ ಮುಖ ಒರೆಸಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡು, ಮಿಕ್ಕವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಸ್ಟಾಪ್‌ವಾಚ್ ಹಿಡಿದು ನಿಂತರು.

ಹಾಗಂತ ಚಂದ ಇದ್ದರೆ ಮಾತ್ರ ಗೆಲುವು ಅಂತೇನಿಲ್ಲ. ಕ್ರಿಸ್ ಫ್ರೂಮ್ ಮೊಣಕೈ ಅಗಲಿಸಿ, ಕತ್ತು ಬಗ್ಗಿಸಿ, ಹ್ಯಾಂಡಲ್ಲನ್ನೇ ದಿಟ್ಟಿಸುತ್ತ ಓಡಿಸಿಯೇ 2013ರಿಂದ 2017ರ ನಡುವೆ ನಾಲ್ಕು ಟೂರ್ ಗೆದ್ದರು. ಆದರೆ ಫ್ರೂಮ್ ಅವರ ಶ್ವಾಸಕೋಶ ನಮಗಿಲ್ಲ. ನಮ್ಮಂಥವರಿಗೆ ಅಲುಗಾಟ ಕಡಿಮೆಯಾದಷ್ಟೂ ಮೊಣಕಾಲು, ಸೊಂಟ ಬಚಾವು.

ಸೀಟಿನ ಎತ್ತರ

ಎಲ್ಲ ಶುರುವಾಗುವುದು ಇಲ್ಲಿಂದ. ಸೀಟು ತಪ್ಪಿದ್ದರೆ ಮುಂದಿನ ಯಾವ ಪಾಠವೂ ತಲೆಗೆ, ಅಂದರೆ ಕಾಲಿಗೆ, ಹತ್ತುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರ ಸೀಟು ತಗ್ಗಾಗಿರುತ್ತದೆ. "ಕಾಲು ನೆಲಕ್ಕೆ ತಾಗಬೇಕು ಮಾರಾಯ್ರೆ" ಎಂದು ಅಂಗಡಿಯಲ್ಲೇ ಇಳಿಸಿಕೊಳ್ಳುತ್ತೇವೆ. ಸೀಟು ತಗ್ಗಾದರೆ ಪೆಡಲ್ ಮೇಲೆ ಬಂದಾಗ ಮೊಣಕಾಲಿಗೆ ಜಾಗ ಸಾಲದೆ ಹೊರಕ್ಕೆ ಹೋಗುತ್ತದೆ. ತೀರಾ ಎತ್ತರವಾದರೆ ಪಾದ ಕೆಳಗೆ ಎಟುಕದೆ ಸೊಂಟ ಆಚೆ ಈಚೆ ಜಾರುತ್ತದೆ. ಹಿಂದಿನಿಂದ ನೋಡಿದವರಿಗೆ ಎರಡೂ ಕೂಡಲೇ ಗೊತ್ತಾಗುತ್ತದೆ.

ಸುಲಭದ ಉಪಾಯ ಇದು. ಓಡಿಸುವಾಗ ಹಾಕುವ ಶೂ ಹಾಕಿಕೊಳ್ಳಿ. ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ಕುಳಿತುಕೊಳ್ಳಿ. ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿಗೆ ತಂದರೆ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿ ಬರುತ್ತದೆ.

ಲೆಕ್ಕ ಹಾಕಿಯೇ ಮಾಡಬೇಕೆಂದರೆ ಇನ್ನೊಂದು ದಾರಿ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ದಪ್ಪ ಪುಸ್ತಕವೊಂದನ್ನು ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಉತ್ತರ 70.6. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಸೆಂ.ಮೀ. ಇರಬೇಕು. ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಅವರ ಗರಡಿಯಿಂದ ಬಂದ ಈ ಲೆಕ್ಕವನ್ನು ಮನೆಮಾತು ಮಾಡಿದವರು ಮೂರು ಸಲ ಟೂರ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್. ಎಲ್ಲರ ಮೈಗೂ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೆ ಶುರು ಮಾಡಲು ಧಾರಾಳ ಸಾಕು.

ಈಗಿರುವ ಎತ್ತರಕ್ಕೆ ಟೇಪಿನಿಂದ ಗುರುತು ಹಾಕಿಯೇ ಸೀಟು ಏರಿಸಿ. ಒಂದು ಸಲಕ್ಕೆ ನಾಲ್ಕೈದು ಮಿಲಿಮೀಟರ್ ಸಾಕು. ನಾಲ್ಕು ಸಲ ಓಡಿಸಿ, ಮೈ ಒಪ್ಪಿದ ಮೇಲೆ ಮುಂದಿನದು. ಹಳೇ ಅಭ್ಯಾಸದವರು ಎರಡು ಇಂಚು ಒಮ್ಮೆಲೇ ಏರಿಸಿದರೆ ಮಾರನೇ ದಿನ ಮೊಣಕಾಲಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ನಿಲ್ಲುವಾಗ ಸೀಟಿನಿಂದ ಮುಂದೆ ಇಳಿದು ನಿಂತರಾಯಿತು, ಕೂತಲ್ಲಿಂದಲೇ ನೆಲ ಮುಟ್ಟಬೇಕಾಗಿಲ್ಲ.

ಕಾಲು ತಿರುಗಲಿ, ಗುದ್ದದಿರಲಿ

ಹೊಸಬರು ಭಾರದ ಗೇರ್ ಹಾಕಿ ನಿಧಾನಕ್ಕೆ ತುಳಿಯುತ್ತಾರೆ. ಶಕ್ತಿ ಜಾಸ್ತಿ ಇದೆ ಎಂದು ತೋರಿಸಿದ ಹಾಗೆ ಆಗುತ್ತದೆ, ಅಷ್ಟೇ. ಪ್ರತಿ ತುಳಿತಕ್ಕೂ ಭುಜ ಕುಣಿಯುತ್ತದೆ. ವೃತ್ತಿಪರರು ಸಮತಟ್ಟು ರಸ್ತೆಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 90ರಿಂದ 100 ಸುತ್ತು ತುಳಿಯುತ್ತಾರೆ. ನಿಮ್ಮದೆಷ್ಟು ಎಂದು ತಿಳಿಯಲು ಮೀಟರ್ ಬೇಕಿಲ್ಲ. ಬಲ ಮೊಣಕಾಲು 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿ. 60ರ ಆಸುಪಾಸಿನಲ್ಲಿದ್ದರೆ ಒಂದೋ ಎರಡೋ ಗೇರ್ ಹಗುರ ಮಾಡಿ. 85 ಬಂದರೆ ನಮಗೆ ಅದೇ ದೊಡ್ಡದು.

ಇಲ್ಲೊಂದು ತೊಂದರೆ ಇದೆ. ವೇಗ ಹೆಚ್ಚಿಸಿದ ಕೂಡಲೇ ಸೀಟಿನ ಮೇಲೆ ಮೈ ಪುಟಿಯಲು ಶುರುವಾಗುತ್ತದೆ. ಪೆಡಲ್ ತಳ ಮುಟ್ಟಿದ ಮೇಲೂ ಕಾಲು ಕೆಳಗೇ ಒತ್ತುತ್ತಿರುವುದು ಇದಕ್ಕೆ ಕಾರಣ. ಪೆಡಲ್ ಇನ್ನೂ ಕೆಳಗೆ ಹೋಗಲಾರದು, ಹಾಗಾಗಿ ಆ ಬಲ ನಿಮ್ಮನ್ನೇ ಮೇಲಕ್ಕೆತ್ತುತ್ತದೆ. ಪಾದ ತಳ ಮುಟ್ಟುವ ಸ್ವಲ್ಪ ಮೊದಲೇ ಒತ್ತುವುದನ್ನು ಬಿಟ್ಟು ಹಿಂದಕ್ಕೆ ಎಳೆಯಿರಿ. ಇದು ರೂಢಿಯಾಗಲು ಹಗುರ ಗೇರಿನಲ್ಲಿ ನಿಧಾನವಾಗಿ ವೇಗ ಏರಿಸಿ, ಮೈ ಪುಟಿಯುವ ಹಂತಕ್ಕೆ ಬಂದಾಗ ಕೊಂಚ ಇಳಿಸಿ ಅಲ್ಲೇ ಒಂದು ನಿಮಿಷ ಹಿಡಿದಿಡಿ. ವಾರ ಕಳೆದ ಹಾಗೆ ಪುಟಿಯುವ ಹಂತ ಮೇಲೆ ಮೇಲೆ ಹೋಗುತ್ತದೆ.

ಪಾದ ಹೇಗಿಡಬೇಕು, ಹಿಮ್ಮಡಿ ಮೇಲೋ ಕೆಳಗೋ ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐದು ಟೂರ್ ಗೆದ್ದ ಮೊದಲಿಗ, ಫ್ರಾನ್ಸಿನ ಜಾಕ್ ಆಂಕೆಟಿಲ್, ಬೆರಳ ತುದಿ ಕೆಳಗೆ ಮಾಡಿ ತುಳಿಯುತ್ತಿದ್ದರು. ಅವರಷ್ಟು ಚಂದ ಓಡಿಸುವವರು ಇನ್ನೊಬ್ಬರಿಲ್ಲ ಎನ್ನುವವರು ಈಗಲೂ ಇದ್ದಾರೆ. ಮೊಣಕಾಲು ಮಾತ್ರ ನೇರ ಮೇಲೆ ಕೆಳಗೆ ಹೋಗಬೇಕು.

ಸೊಂಟದಿಂದ ಮೇಲೆ

ಬಗ್ಗುವುದು ಬೆನ್ನಿನಿಂದ ಅಲ್ಲ, ಸೊಂಟದ ಕೀಲಿನಿಂದ. ಬೆನ್ನು ಗೂನಾಗಬಾರದು. ಮೊಣಕೈ ಕೊಂಚ ಮಡಚಿ ಒಳಗಿರಲಿ, ಭುಜ ಕಿವಿಯಿಂದ ದೂರ ಇಳಿದಿರಲಿ. ಕೈ ನೆಟ್ಟಗೆ ಬಿಗಿಯಾಗಿದ್ದರೆ ರಸ್ತೆಯ ಪ್ರತಿ ಹೊಂಡವೂ ಕತ್ತಿಗೆ ಬಡಿಯುತ್ತದೆ. ಓಡಿಸುತ್ತಿರುವಾಗಲೇ ಹ್ಯಾಂಡಲ್ ಮೇಲೆ ಬೆರಳು ಆಡಿಸಿ ನೋಡಿ. ಆಗುತ್ತಿಲ್ಲವೆಂದರೆ ಮೈಭಾರವನ್ನೆಲ್ಲ ಕೈ ಮೇಲೆ ಹಾಕಿದ್ದೀರಿ ಎಂದರ್ಥ.

ವೃತ್ತಿಪರರ ಹ್ಯಾಂಡಲ್ ಸೀಟಿಗಿಂತ ಬಹಳ ಕೆಳಗಿರುತ್ತದೆ. ಅದನ್ನು ನಕಲು ಮಾಡಲು ಹೋಗಬೇಡಿ. ದಿನಕ್ಕೆ ಐದಾರು ಗಂಟೆ ಓಡಿಸಿ ಬೆನ್ನು ಪಳಗಿದವರಿಗೆ ಅದು ಸರಿ. ಕಚೇರಿಯಲ್ಲಿ ಕುಳಿತೇ ದಿನ ಕಳೆಯುವ ನಾವು ಹ್ಯಾಂಡಲನ್ನು ಸೀಟಿನ ಮಟ್ಟಕ್ಕೆ ಇಟ್ಟುಕೊಂಡರೇ ಚಂದ ಕಾಣುತ್ತೇವೆ. ಕಷ್ಟಪಟ್ಟು ಎಟುಕಿಸಿಕೊಂಡ ಹ್ಯಾಂಡಲ್ ಎಂಥದ್ದೇ ಆದರೂ ನೋಡಲು ಹಿಂಸೆ.

ಇದನ್ನು ಕಲಿಯಲು ಮರವಂತೆ ಒಳ್ಳೆಯ ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಬೆಳಿಗ್ಗೆ ಬೇಗ ಹೋದರೆ ಆರಾಮ. ಹೊತ್ತೇರಿದ ಮೇಲೆ ಕಡಲಗಾಳಿ ಪಕ್ಕದಿಂದ ತಳ್ಳುತ್ತದೆ. ಕೈ ಬಿಗಿ ಹಿಡಿದವರ ಸೈಕಲ್ ಆಗಲೇ ಓಲಾಡುವುದು. ಹೆದ್ದಾರಿ ಅದು, ಹಾಗಾಗಿ ಅಂಚಿನಲ್ಲೇ ಇರಿ.

ಏರು, ಇಳಿಜಾರು

ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲ ಹತ್ತುವಾಗ ಎಲ್ಲರ ಬಣ್ಣ ಬಯಲಾಗುತ್ತದೆ. ಮಂಗಳೂರಿನವರಿಗೆ ಕದ್ರಿ ಗುಡ್ಡ ಇದೆ. ಏರು ಕಾಲಿಗೆ ತಾಗುವ ಮೊದಲೇ ಗೇರ್ ಬದಲಿಸಿ. ಪೂರ್ತಿ ಬಲ ಹಾಕಿ ತುಳಿಯುವಾಗ ಬದಲಿಸಿದರೆ ಚೈನ್ ಕಟಕಟ ಎನ್ನುತ್ತದೆ, ಕೆಲವೊಮ್ಮೆ ಕಳಚಿಯೂ ಬೀಳುತ್ತದೆ.

ಎದ್ದು ನಿಂತು ತುಳಿಯುವುದು ನೋಡಲು ಚಂದ, ಮಾಡಲು ಕಷ್ಟ. ಏಳುವ ಮೊದಲು ಗೇರ್ ಒಂದು ಹಂತ ಭಾರ ಮಾಡಿ, ಇಲ್ಲದಿದ್ದರೆ ಕಾಲು ದಡಕ್ಕನೆ ಕೆಳಗೆ ಬೀಳುತ್ತದೆ. ಒಂದು ಪೆಡಲ್ ಮೇಲಿನಿಂದ ಕೆಳಗೆ ಹೊರಡುವ ಹೊತ್ತಿಗೆ ಸರಿಯಾಗಿ ಏಳಿ. ಮಧ್ಯದಲ್ಲಿ ಎದ್ದರೆ ತುಳಿತ ಒಂದು ಕ್ಷಣ ನಿಂತು ಸೈಕಲ್ ಹಿಂದಕ್ಕೆ ಜಗ್ಗಿದಂತಾಗುತ್ತದೆ, ಹಿಂದಿನವರ ಚಕ್ರ ಬಂದು ತಾಗುತ್ತದೆ. ಗುಂಪಿನಲ್ಲಿ ಓಡಿಸುವವರ ಮರ್ಯಾದೆ ಇಂಥದ್ದರಲ್ಲೇ ಇರುವುದು. ಎದ್ದ ಮೇಲೆ ಮೈ ನೆಟ್ಟಗಿದ್ದು ಸೈಕಲ್ ಮಾತ್ರ ಕೆಳಗೆ ಹಗುರಾಗಿ ಅತ್ತಿತ್ತ ವಾಲಬೇಕು. ಸ್ಪೇನಿನ ಅಲ್ಬರ್ಟೋ ಕೊಂಟಾಡೋರ್ ಏರು ಹತ್ತುವ ವಿಡಿಯೊಗಳನ್ನು ನೋಡಿ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಸ್ಟೈಲ್ ಮಾಡಲು ಹೋಗಬೇಡಿ. ಬ್ರೇಕ್ ಏನಿದ್ದರೂ ತಿರುವಿನ ಮೊದಲು. ತಿರುವಿನ ಹೊರಗಡೆಯ ಪೆಡಲ್ ಕೆಳಗಿರಲಿ, ಭಾರ ಅದರ ಮೇಲಿರಲಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ರಸ್ತೆ ಹೋಗುವ ಕಡೆಗೆ. ಟಿ.ವಿ.ಯಲ್ಲಿ ಹಿಂದೆ ಕಾಣುತ್ತಿದ್ದ ಹಾಗೆ ಸೀಟು ಬಿಟ್ಟು ಅದರ ಮುಂದಿನ ಫ್ರೇಮಿನ ಕೊಳವೆ ಮೇಲೆ ಮುದುಡಿ ಕೂರುವುದನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2021ರಲ್ಲೇ ನಿಷೇಧಿಸಿದೆ. ಅಲ್ಲಿ ರಸ್ತೆ ಮುಚ್ಚಿ ರೇಸ್ ಮಾಡುತ್ತಾರೆ. ಇಲ್ಲಿ ತಿರುವಿನ ಆಚೆ ಬಸ್ಸು ಬರುತ್ತಿರುತ್ತದೆ.

ಬಟ್ಟೆ ಕೊನೆಗೆ

ಜೆರ್ಸಿ ಗಾಳಿಗೆ ಪಟಪಟ ಹೊಡೆದುಕೊಳ್ಳದಿದ್ದರೆ ಸಾಕು, ಉಸಿರುಗಟ್ಟುವಷ್ಟು ಬಿಗಿ ಬೇಡ. ಚಡ್ಡಿ ಕಪ್ಪೇ ಇರಲಿ. ಬಿಳಿ ಚಡ್ಡಿ ನಮ್ಮ ಮಳೆಗೆ ಒದ್ದೆಯಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹೆಲ್ಮೆಟ್ ಹಣೆ ಮುಚ್ಚುವಂತೆ ಮಟ್ಟಸವಾಗಿ ಕೂರಲಿ, ಹಿಂದಕ್ಕೆ ಜಾರಿದ್ದು ಚಂದವೂ ಅಲ್ಲ, ಕ್ಷೇಮವೂ ಅಲ್ಲ. ವೃತ್ತಿಪರ ರೇಸ್‌ಗಳಲ್ಲಿ 2003ರಿಂದ ಹೆಲ್ಮೆಟ್ ಕಡ್ಡಾಯ. ಕಾಲುಚೀಲದ ಎತ್ತರಕ್ಕೂ ಯುಸಿಐ ನಿಯಮ ಇದೆ: ಪಾದದ ಗಂಟಿಗೂ ಮೊಣಕಾಲಿಗೂ ನಡುವೆ ಅರ್ಧಕ್ಕಿಂತ ಮೇಲೆ ಹೋಗಬಾರದು. ನಮ್ಮನ್ನು ಯಾರೂ ಅಳೆಯುವುದಿಲ್ಲ, ಆದರೆ ಅಳತೆ ಮಾತ್ರ ನೋಡಲು ಹದವಾಗಿದೆ.

ಇಷ್ಟಾದ ಮೇಲೆ ಮೊಬೈಲನ್ನು ಒಂದು ಮೋರಿಕಟ್ಟೆ ಮೇಲಿಟ್ಟು ವಿಡಿಯೊ ಮಾಡಿಕೊಳ್ಳಿ. ಒಂದು ಸಲ ಪಕ್ಕದಿಂದ, ಒಂದು ಸಲ ಹಿಂದಿನಿಂದ. ಪಕ್ಕದ್ದರಲ್ಲಿ ಬೆನ್ನು, ಮೊಣಕೈ ನೋಡಿ. ಹಿಂದಿನದರಲ್ಲಿ ಸೊಂಟ ಮತ್ತು ಮೊಣಕಾಲು ನೋಡಿ. ಸೊಂಟ ಇನ್ನೂ ಜಾರುತ್ತಿದ್ದರೆ ಸೀಟನ್ನು ಮೂರು ಮಿಲಿಮೀಟರ್ ಇಳಿಸಿ ಇನ್ನೊಮ್ಮೆ ಓಡಿಸಿ.

ಕಡಲ ಬದಿಯ ಸವಾರಿ ಮುಗಿಸಿ ಬಂದ ದಿನ ಸೈಕಲನ್ನು ಸಿಹಿನೀರಿನಲ್ಲಿ ಒರೆಸಿ, ಚೈನ್ ಒಣಗಿಸಿ ಎಣ್ಣೆ ಬಿಡಿ. ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ, ಕಿರುಗುಟ್ಟುವ ಚೈನಿನ ಮೇಲೆ ಯಾರ ತುಳಿತವೂ ನುಣುಪಾಗಿರದು. ಜೂನ್ ಬಂತೆಂದರೆ ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸಿ. ರೇಸ್ ಸೈಕಲ್ಲಿಗೆ ಅದು ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಬೆನ್ನ ಮೇಲೆ ಉದ್ದಕ್ಕೆ ಕೆಂಪು ಕೆಸರಿನ ಪಟ್ಟಿ ಹೊತ್ತು ಬರುವುದಕ್ಕಿಂತ ಅದೇ ವಾಸಿ, ಹಿಂದೆ ಬರುವವರ ಮುಖವೂ ಉಳಿಯುತ್ತದೆ.