ಭರಣಿ ಬಿಡಿ, ಬಕೆಟ್ ಹಿಡಿಯಿರಿ: ಮಂಗಳೂರಿನಿಂದ ಕೆನಡಾಕ್ಕೆ ಹೊರಟವರ ಮನೆ ವೈನ್‌ಗೆ

ಆಗಸ್ಟ್‌ನಲ್ಲಿ ನಾನು ಊರಿಗೆ ಬಂದಾಗ ಬೆಂದೂರಿನ ನಮ್ಮ ಮನೆಗೆ ಟೊರಾಂಟೊ ಕಡೆ ಹೊರಟವರು ಒಬ್ಬಿಬ್ಬರಾದರೂ ಬರುತ್ತಾರೆ. ಚಳಿ ಕೋಟು, ಬಾಡಿಗೆ ಮನೆ, ಬ್ಯಾಂಕ್ ಖಾತೆ ಎಲ್ಲ ಮಾತಾಡಿ ಮುಗಿದ ಮೇಲೆ ಅವರ ಅಮ್ಮ ಮೆಲ್ಲ ಕೇಳುತ್ತಾರೆ: "ಕ್ರಿಸ್ಮಸಿಗೆ ವೈನ್ ಹಾಕ್ಲಿಕ್ಕೆ ಒಂದು ಭರಣಿ ಕಳಿಸಿದ್ರೆ ಹೇಗೆ?"

ಬೇಡ ಮಾರಾಯ್ರೆ. ಬ್ಯಾಗಿನ ತೂಕವೆಲ್ಲ ಅದಕ್ಕೇ ಹೋಗುತ್ತದೆ. ಅಜ್ಜಿ ಕಾಲದ ಭರಣಿಯಾದರೆ ಒಳಗಿನ ಮೆರುಗಿನಲ್ಲಿ ಸೀಸ ಇರಬಹುದು, ದ್ರಾಕ್ಷಿಯ ಹುಳಿ ಅದನ್ನು ರಸಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ವೈನ್ ಸಾಮಾನಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಬಕೆಟ್, ದೊಡ್ಡ ಗಾಜಿನ ಬುಡ್ಡಿ ಎರಡೂ ಸಿಗುತ್ತವೆ, ಯಾವುದು ತೆಗೆದುಕೊಳ್ಳುವುದು ಎಂಬುದೇ ಪ್ರಶ್ನೆ. ಕುವೈತ್‌ಗೋ ಸೌದಿಗೋ ಹೊರಟವರು ಮಾತ್ರ ಈ ಆಸೆಯನ್ನೇ ಬಿಡಿ, ಅಲ್ಲಿ ಮನೆ ವೈನೂ ಅಪರಾಧವೇ.

ನಮ್ಮಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಯೀಸ್ಟ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, 21 ದಿನ ಎಲ್ಲವನ್ನೂ ಒಂದೇ ಭರಣಿಯಲ್ಲಿ ಮುಗಿಸುತ್ತೇವೆ. ಕೆನಡಾದಲ್ಲಿ ಎರಡು ಪಾತ್ರೆ ಬೇಕು. ಮೊದಲ ವಾರ ಯೀಸ್ಟ್‌ಗೆ ಸ್ವಲ್ಪ ಗಾಳಿ ಬೇಕು, ನಿಮ್ಮ ಕೈಯೂ ಒಳಗೆ ಹೋಗಬೇಕು. ಆಮೇಲೆ ಗಾಳಿ ತಾಗಲೇಬಾರದು. ಪ್ಲಾಸ್ಟಿಕ್ಕೋ ಗಾಜೋ ಎಂಬುದು ಇಲ್ಲಿಗೇ ತೀರ್ಮಾನವಾಯಿತು.

ಮೊದಲ ವಾರಕ್ಕೆ ಪ್ಲಾಸ್ಟಿಕ್ ಬಕೆಟ್. ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಮುಚ್ಚಳದಂತೆ ಕೂರುತ್ತದೆ, ದಿನಕ್ಕೆರಡು ಸಲ ಸೌಟಿನಿಂದ ಒತ್ತಿ ಮುಳುಗಿಸಬೇಕು. ಸಪೂರ ಕುತ್ತಿಗೆಯ ಬುಡ್ಡಿಗೆ ಸಿಪ್ಪೆ ಹಾಕಿದರೆ ಮತ್ತೆ ತೆಗೆಯುವುದು ಹೇಗೆ? 23 ಲೀಟರ್ ವೈನ್‌ಗೆ 30 ಲೀಟರ್ ಬಕೆಟ್ ಇರಲಿ, ನೊರೆ ಉಕ್ಕುತ್ತದೆ. ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ಇಡಬೇಡಿ, ಕೆಂಪು ಕಲೆಯಾದರೆ ಓನರ್ ಜೊತೆ ಜಗಳ ಖಂಡಿತ. ಬಾತ್‌ಟಬ್ಬಿನೊಳಗೆ ಇಟ್ಟರೆ ನಿಶ್ಚಿಂತೆ.

ಬಕೆಟ್ಟಿನ ತಳದಲ್ಲಿ ತ್ರಿಕೋನದೊಳಗೆ 2 ಎಂದಿದ್ದರೆ ಅದು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್. ಅಷ್ಟೇ ಸಾಲದು, ಆಹಾರಕ್ಕೆಂದೇ ಮಾಡಿದ್ದಾಗಿರಬೇಕು. ಪೇಂಟ್ ಅಂಗಡಿಯ ಬಕೆಟ್ ಬೇಡ. ಉಪ್ಪಿನಕಾಯಿ ಇದ್ದ ಡಬ್ಬ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ತೊಳೆಯಲು ಸ್ಟೀಲ್ ಉಜ್ಜುಗವೂ ಬೇಡ, ಗೀರಿನಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಯಾವ ಔಷಧವೂ ಸರಿಯಾಗಿ ತಾಗುವುದಿಲ್ಲ. ಮೆತ್ತಗಿನ ಸ್ಪಂಜು ಸಾಕು. ಗೀರು ಬಿದ್ದ ಬಕೆಟನ್ನು ಬಟ್ಟೆ ನೆನೆಸಲು ಇಟ್ಟುಕೊಳ್ಳಿ.

ಸೋಸಿದ ಮೇಲೆ ಗಾಜು. ಎಚ್‌ಡಿಪಿಇ ಗೋಡೆಯಿಂದ ಆಮ್ಲಜನಕ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಹುದುಗು ಜೋರಾಗಿರುವಾಗ ಮೇಲೆಲ್ಲ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ತೊಂದರೆಯಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬಣ್ಣ ಕಂದಾಗಿ ವೈನ್ ವಿನೆಗರ್ ದಾರಿ ಹಿಡಿಯುತ್ತದೆ. ಗಾಜಿನಲ್ಲಿ ಗಾಳಿ ನುಸುಳುವುದಿಲ್ಲ. ಆದರೆ ಬುಡ್ಡಿಯನ್ನು ಕುತ್ತಿಗೆವರೆಗೆ ತುಂಬಿಸಿ, ಅರ್ಧ ಖಾಲಿ ಬಿಟ್ಟರೆ ಗಾಜಾದರೂ ಒಂದೇ.

ಆದರೂ ಮೂರನೇ ಮಹಡಿಯಲ್ಲಿ ಲಿಫ್ಟ್ ಇಲ್ಲದೆ ಇರುವ ಹೊಸಬರಿಗೆ ದೊಡ್ಡ ಗಾಜಿನ ಬುಡ್ಡಿ ತೆಗೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಸಾಮಾನ್ಯ ಅಳತೆ 23 ಲೀಟರ್. ತುಂಬಿದರೆ ಸುಮಾರು 30 ಕೆಜಿ, ಒದ್ದೆ ಕೈ, ನುಣುಪು ಗಾಜು. ಕುತ್ತಿಗೆ ಹಿಡಿದು ಎತ್ತಬಾರದು, ಚಳಿಗೆ ತಣ್ಣಗಿರುವ ಬುಡ್ಡಿಗೆ ಬಿಸಿನೀರು ಹೊಯ್ಯಬಾರದು. ಸೀಳಿದರೆ ಬೆರಳಿನ ನರವೇ ಕತ್ತರಿಸಬಹುದು. ತಳದಲ್ಲಿ 1 ಎಂದು ಬರೆದ ಪಿಇಟಿ ಪ್ಲಾಸ್ಟಿಕ್ ಬುಡ್ಡಿ ಹಗುರ, ಒಡೆಯುವುದಿಲ್ಲ, ಎಚ್‌ಡಿಪಿಇಗಿಂತ ಬಹಳ ಕಡಿಮೆ ಗಾಳಿ ಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಹಾಕಿ ಕ್ರಿಸ್ಮಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಜೊತೆ ಮುಗಿಸುವ ವೈನ್‌ಗೆ ಅದು ಧಾರಾಳ ಸಾಕು. ವರ್ಷಗಟ್ಟಲೆ ಇಡುವವರಿಗೆ ಮಾತ್ರ ಗಾಜು. ನೀರಿನ ಕ್ಯಾನ್ ಆಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ತಳದಲ್ಲಿ 7 ಇದ್ದರೆ ಅದು ಬೇರೆ ಪ್ಲಾಸ್ಟಿಕ್, ಬಿಟ್ಟುಬಿಡಿ.

ಯಾವ ಪಾತ್ರೆಯಾದರೂ ಬಾಯಿ ಬಿಗಿಯಾಗಿ ಮುಚ್ಚಬೇಡಿ. ನೀರು ತುಂಬಿದ ಏರ್‌ಲಾಕ್ ಎಂಬ ಸಣ್ಣ ಕೊಳವೆ ಸಿಗುತ್ತದೆ, ಗ್ಯಾಸ್ ಹೊರಗೆ ಬಿಡುತ್ತದೆ, ಗಾಳಿ ಒಳಗೆ ಬಿಡುವುದಿಲ್ಲ.

ನಮ್ಮವರಿಗೆ ಹೆಚ್ಚು ಅಪಾಯ ಇರುವುದು ಬಾಟ್ಲಿಗೆ ತುಂಬುವಾಗ. ಊರಿನ ವೈನ್ ಸಿಹಿ. ಸಕ್ಕರೆಯೂ ಇದೆ, ಯೀಸ್ಟೂ ಜೀವಂತ ಇದೆ ಎಂದಾದರೆ ಹೀಟರ್ ಹಾಕಿದ ಕೋಣೆಯಲ್ಲಿ ಅದು ಮತ್ತೆ ಕೆಲಸ ಶುರುಮಾಡುತ್ತದೆ, ಗಾಜಿನ ಬಾಟ್ಲಿ ಸಿಡಿಯುತ್ತದೆ. ಹಾಗಾಗಿ ಗಾಜಿನ ಬಾಟ್ಲಿಗಳ ಜೊತೆಗೆ ಒಂದು ಅರ್ಧ ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟ್ಲಿಯನ್ನೂ ಅದೇ ವೈನ್‌ನಿಂದ ತುಂಬಿಸಿ, ಒಂದೇ ಜಾಗದಲ್ಲಿಡಿ. ದಿನಾ ಅಮುಕಿ ನೋಡಿ. ಕಲ್ಲಿನಂತೆ ಗಟ್ಟಿಯಾದರೆ ಗ್ಯಾಸ್ ಹುಟ್ಟಿದೆ ಎಂದೇ ಲೆಕ್ಕ. ಗಾಜಿನ ಬಾಟ್ಲಿಗಳ ಮೇಲೆ ದಪ್ಪ ಟವೆಲ್ ಹೊದೆಸಿ, ಮುಖ ದೂರವಿಟ್ಟು ಒಂದೊಂದಾಗಿ ಮುಚ್ಚಳ ಸಡಿಲಿಸಿ, ಆಮೇಲೆ ಫ್ರಿಜ್ಜಿಗೆ ಸೇರಿಸಿ. ಎಲ್ಲವನ್ನೂ ಫ್ರಿಜ್ಜಿನಲ್ಲೇ ಇಡುವಷ್ಟು ಜಾಗವಿದ್ದರೆ ಇನ್ನೂ ಒಳ್ಳೆಯದು.

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿದವರು ಸ್ವಂತಕ್ಕೆಂದು ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಸಂಘದ ಕಾರ್ಯಕ್ರಮದಲ್ಲೂ.

ದ್ರಾಕ್ಷಿಗೆ ಕಾನ್‌ಕಾರ್ಡ್ ನೋಡಿ. ನಾವು ವೈನ್‌ಗೆ ತರುವ ಬೆಂಗಳೂರು ಬ್ಲೂಗೆ ತುಂಬಾ ಹತ್ತಿರದ ಪರಿಮಳ. ನಯಾಗರಾ ಕಡೆಯದು ಮಾರುಕಟ್ಟೆಗೆ ಬರುವುದು ಸೆಪ್ಟೆಂಬರ್‌ನಲ್ಲಿ, ಹೆಚ್ಚು ದಿನ ಇರುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್ ಹೊತ್ತಿಗೆ ಬಕೆಟ್, ಬುಡ್ಡಿ, ಏರ್‌ಲಾಕ್ ಮೂರೂ ಮನೆಯಲ್ಲಿರಲಿ.