ಆಸ್ಪತ್ರೆಯ ಕಿರ್ದಿಯಿಂದ ಸಂಸ್ಥೆಯ ಚರಿತ್ರೆ

ಗದಗ ಕಡೆಯ ಒಂದು ಆರೋಗ್ಯ ಟ್ರಸ್ಟಿನ ಚರಿತ್ರೆ ಬರೆಯುವಾಗ ನಾವು ಸ್ಮರಣ ಸಂಚಿಕೆಗಳನ್ನು ಎಲ್ಲಕ್ಕಿಂತ ಕೊನೆಗೆ ಓದಿದೆವು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅಚ್ಚಾದ ಇಸವಿಯೇ ಸುವರ್ಣ ಮಹೋತ್ಸವದ ಸಂಚಿಕೆಗೂ ಇಳಿದಿರುತ್ತದೆ, ಅದಕ್ಕೆ ಆಧಾರ ಯಾವ ಕಾಗದ ಎಂದು ಯಾರೂ ಕೇಳಿರುವುದಿಲ್ಲ. ದವಾಖಾನೆಯ ಬಾಗಿಲು ತೆರೆದ ದಿನ, ಕಟ್ಟಡದ ಅಡಿಗಲ್ಲಿನ ದಿನ, ಟ್ರಸ್ಟ್ ನೋಂದಣಿಯ ದಿನ ಇವು ಮೂರೂ ಬೇರೆ. ಮೂರಕ್ಕೂ ಬೇರೆ ಬೇರೆ ದಾಖಲೆ ಹುಡುಕಬೇಕು.

ಮೊದಲು ನೋಂದಣಿ. ಈ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿಯ ಹಳೆಯ ಟ್ರಸ್ಟುಗಳು ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆ, 1950ರ ಅಡಿ ದಾಖಲಾಗಿವೆ. ಅದಕ್ಕೂ ಎಷ್ಟೋ ಮೊದಲೇ ಶುರುವಾದ ದವಾಖಾನೆಯೂ ಐವತ್ತರ ದಶಕದ ನೋಂದಣಿ ತಾರೀಖನ್ನೇ ಹೊತ್ತಿರುತ್ತದೆ. ಅದನ್ನೇ ಹುಟ್ಟಿದ ದಿನವೆಂದು ಬರೆದರೆ ಮೊದಲ ಡಾಕ್ಟರು, ಮೊದಲ ದಾನಿಗಳು ಎಲ್ಲರೂ ಚರಿತ್ರೆಯಿಂದ ಹೊರಗೆ ಬೀಳುತ್ತಾರೆ. ಟ್ರಸ್ಟಿಗಳು ಬದಲಾದಾಗ, ಜಾಗ ಸೇರಿದಾಗ 22ನೇ ಕಲಮಿನಂತೆ ಕೊಟ್ಟ ಬದಲಾವಣೆ ವರದಿಗಳು ಬಹಳ ಉಪಯುಕ್ತ. ಯಾರ ಕಾಲದಲ್ಲಿ ಏನಾಯಿತೆಂಬುದು ಅಲ್ಲಿ ಸಹಿ ಸಮೇತ ಸಿಗುತ್ತದೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನದ್ದನ್ನು ಧಾರವಾಡದಲ್ಲೂ ವಿಚಾರಿಸಬೇಕು. ಜಾಗದ ವಿಷಯಕ್ಕೆ ಉತಾರ (ಪಹಣಿ) ಮತ್ತು ಹಳೆಯ ಡೈರಿ, ಅಂದರೆ ಹಕ್ಕು ಬದಲಾವಣೆಯ ದಾಖಲೆ, ಇವುಗಳ ನಕಲು ಸಾಕು.

ಮಿಷನ್ ಆಸ್ಪತ್ರೆಯ ಬೇರಿದ್ದರೆ ಇನ್ನೊಂದು ದಾರಿಯಿದೆ. ಜರ್ಮನ್ ಮಾತಾಡುವ ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗದ ಪಕ್ಕದ ಬೆಟಗೇರಿಗೆ ಬಂತು. ಅದರ ಪತ್ರಗಳು, ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರದಲ್ಲಿವೆ. ಕೈಬರಹ ಹಳೆಯ ಜರ್ಮನ್ ಲಿಪಿಯದು, ಇಂದಿನ ಜರ್ಮನ್ ಕಲಿತವರಿಗೂ ಸುಲಭಕ್ಕೆ ಓದಲು ಬರುವುದಿಲ್ಲ. 1914ರ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳು ಇಲ್ಲಿ ಉಳಿಯಲಾಗಲಿಲ್ಲ. ಆ ವರ್ಷಗಳಲ್ಲಿ ಪತ್ರ ಸಿಗದಿದ್ದರೆ ಕೆಲಸವೇ ನಿಂತಿತ್ತೆಂದು ಬರೆದುಬಿಡಬಾರದು.

ನಿಜವಾದ ಚರಿತ್ರೆ ಇರುವುದು ಕಿರ್ದಿ-ಖಾತೆಯಲ್ಲಿ, ಅಂದರೆ ದಿನದಿನದ ಜಮಾ-ಖರ್ಚಿನ ಪುಸ್ತಕಗಳಲ್ಲಿ. ಹತ್ತಿ ಪೇಟೆಯ ದಲಾಲಿ ಅಂಗಡಿಗಳು ವ್ಯಾಪಾರದ ಮೇಲೆ ಧರ್ಮಕಾರ್ಯಕ್ಕೆಂದು ಹಿಡಿಯುತ್ತಿದ್ದ ಧರ್ಮಾದಾಯದ ಹಣ ದವಾಖಾನೆಗೂ ಬಂದಿತ್ತು, ದೊಡ್ಡ ದಾನಿಗಳ ಹೆಸರಿನ ಕಲ್ಲಿನಲ್ಲಿ ಅದರ ಸುಳಿವಿಲ್ಲ. ಅಂಗಡಿಯ ವರ್ಷ ದೀಪಾವಳಿ ಪಾಡ್ಯದಿಂದ, ಆಸ್ಪತ್ರೆಯ ವರ್ಷ ಏಪ್ರಿಲ್ 1ರಿಂದ. ವರ್ಷದ ಮೊತ್ತ ಹಿಡಿದು ತಾಳೆ ನೋಡಿದರೆ ಎಂದೂ ಕೂಡುವುದಿಲ್ಲ. ಒಂದೊಂದೇ ಪಾವತಿಯ ತಾರೀಖು ಹಿಡಿದು ಹೋಗಬೇಕು. 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಲೆಕ್ಕ ರೂಪಾಯಿ-ಆಣೆ-ಪೈ: 5-8-0 ಎಂದರೆ ಐದೂವರೆ ರೂಪಾಯಿ. ಕಂಪ್ಯೂಟರಿಗೆ ಏರಿಸುವವರು ಅದನ್ನು 5.80 ಎಂದು ಹೊಡೆಯುತ್ತಾರೆ. ಆಣೆಯನ್ನು 16ರಿಂದ, ಪೈಯನ್ನು 192ರಿಂದ ಭಾಗಿಸಿ ಕೂಡಿಸಿದರೆ ದಶಮಾಂಶ ಸರಿಯಾಗುತ್ತದೆ. ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಪುಟಗಳಿಗೆ ಬಲ್ಲವರನ್ನೇ ಕೂಡಿಸಬೇಕು, ಊಹೆ ಬೇಡ.

ಕಾಗದ ಮುರಿಯುವ ಸ್ಥಿತಿಯಲ್ಲಿದ್ದರೆ ಝೆರಾಕ್ಸ್ ಯಂತ್ರದ ಮೇಲೆ ಒತ್ತಬೇಡಿ, ಬೆನ್ನು ಕಿತ್ತುಬರುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪುಟದ ನಂಬರು ಮೆತ್ತನೆಯ ಪೆನ್ಸಿಲಿನಲ್ಲಿ. ಸೆಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಗೆದ್ದಲು ಹತ್ತಿದ ಬಸ್ತಾ (ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು) ಉಳಿದವುಗಳ ಜೊತೆ ಇಡಬೇಡಿ. ಬಿಸಿಲಿಗೂ ಹಾಕಬೇಡಿ, ನೆರಳಿನಲ್ಲಿ ಒಣಗಲಿ.

ನಿವೃತ್ತ ಸಿಸ್ಟರ್, ಕಂಪೌಂಡರ್, ಆಯಾ ಇವರಿಗೆ ಇಸವಿ ಕೇಳಿದರೆ ಹೊಳೆಯುವುದಿಲ್ಲ. ‘ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜ್ ಬರೋಕಿಂತ ಮೊದಲೋ ಆಮೇಲೋ, ಅವ್ವಾರ?’ ಎಂದರೆ ಉತ್ತರ ಬರುತ್ತದೆ. ಆ ಕಾಲೇಜು 1957ರದು. 1975ರ ತುರ್ತು ಪರಿಸ್ಥಿತಿ, 1984ರ ಇಂದಿರಾ ಹತ್ಯೆ ಕೂಡ ಹೀಗೆ ಗೂಟವಾಗುತ್ತವೆ. ವಾರ್ಡಿನ ನಿತ್ಯದ ನಡವಳಿಕೆಗೆ ಇವರ ಮಾತೇ ಆಧಾರ, ಹಣ ಮತ್ತು ತಾರೀಖಿಗೆ ಕಾಗದ.

ರೋಗಿಗಳ ರಜಿಸ್ಟರಿನಿಂದ ಊರು, ವಯಸ್ಸು, ಕಾಯಿಲೆ ಎಣಿಸಿಕೊಳ್ಳಿ, ಹೆಸರು ಬರೆದುಕೊಳ್ಳಲೇ ಬೇಡಿ. ಕುಷ್ಠ, ಕ್ಷಯದ ದಾಖಲೆ ಇದ್ದ ಪುಟದ ಫೋಟೋ ಪುಸ್ತಕಕ್ಕೆ ಹಾಕುವುದು ದೊಡ್ಡ ಅನ್ಯಾಯ, ಆ ಮನೆತನದವರು ಇನ್ನೂ ಅದೇ ಓಣಿಯಲ್ಲಿದ್ದಾರೆ. ಅಚ್ಚಿಗೆ ಕಳಿಸುವ ಮುನ್ನ ಪ್ರತಿ ಫೋಟೋದ ಅಂಚನ್ನೂ ಹಿಗ್ಗಿಸಿ ನೋಡಬೇಕು. ಹೆಸರಿನ ಅರ್ಧ ಸಾಲು ಅಲ್ಲಿ ಉಳಿದಿರಬಹುದು.